ಮಝಂಜೆ ಮರ: ಗುರುತಿಸಿ, ತಿನ್ನಿ, ಸಸಿ ಎಬ್ಬಿಸಿ

ಜಿಂಬಾಬ್ವೆಯಲ್ಲಿ ನವೆಂಬರ್ ಬಂತೆಂದರೆ ಹೆದ್ದಾರಿ ಪಕ್ಕ ಬಕೆಟ್‌ಗಳು ಸಾಲುಗಟ್ಟುತ್ತವೆ. ಒಳಗೆ ಕಂದು ಬಣ್ಣದ ದುಂಡು ಹಣ್ಣು. ಶೋನಾ ಮಾತಾಡುವವರಿಗೆ ಅದು ಮಝಂಜೆ. ಮಲಾವಿ, ಜಾಂಬಿಯಾದಲ್ಲಿ ಮಾಸುಕು. ಸಸ್ಯಶಾಸ್ತ್ರದಲ್ಲಿ ಯುಆಪಕ ಕಿರ್ಕಿಯಾನ. 1858ರಲ್ಲಿ ಆಫ್ರಿಕಾ ಅನ್ವೇಷಕ ಲಿವಿಂಗ್‌ಸ್ಟನ್ ಜೊತೆ ಜಾಂಬೆಜಿ ನದಿಯ ಕಡೆ ಹೊರಟ ವೈದ್ಯ, ಸಸ್ಯಶಾಸ್ತ್ರಜ್ಞ ಜಾನ್ ಕಿರ್ಕ್ ನೆನಪಿಗೆ ಈ ಹೆಸರು. ನಮಗೂ ಸಣ್ಣದೊಂದು ನಂಟಿದೆ: ಇದು ನಮ್ಮ ಬೆಟ್ಟದ ನೆಲ್ಲಿಯ ಕುಟುಂಬಕ್ಕೇ ಸೇರಿದ ಮರ.

ಹರಾರೆ, ಲುಸಾಕಾ, ಬ್ಲಾಂಟೈರ್ ಕಡೆ ನೆಲೆಸಿರುವ ಕನ್ನಡಿಗರಿಗೆ ಹಣ್ಣಿನ ಪರಿಚಯ ಇರಬಹುದು. ಮರದ ಪರಿಚಯ ಅಷ್ಟಾಗಿ ಇರುವುದಿಲ್ಲ.

1. ಮರ ಗುರುತಿಸಿ

ಮಿಯೊಂಬೊ ಎಂಬ ಒಣ ಕಾಡುಗಳಲ್ಲಿ ಹುಡುಕಿ. ಕಲ್ಲುಮಣ್ಣಿನ ಇಳಿಜಾರು, ಬೇರೆ ಬೆಳೆ ಬಾರದ ಬಡ ನೆಲ, ಇಂಥ ಕಡೆಯೇ ಇದು ಗುಂಪುಗುಂಪಾಗಿ ನಿಂತಿರುತ್ತದೆ. ನೀರು ನಿಲ್ಲುವ ಜಾಗ ಆಗಿಬರುವುದಿಲ್ಲ. ಎತ್ತರ ಸಾಮಾನ್ಯವಾಗಿ 5ರಿಂದ 12 ಮೀಟರ್. ತೊಗಟೆ ಕಡು ಬೂದು, ಆಳವಾಗಿ ಬಿರುಕು ಬಿಟ್ಟಿರುತ್ತದೆ. ಎಲೆಯಂತೂ ಗೇರೆಲೆಯನ್ನು ಎಳೆದು ದೊಡ್ಡದು ಮಾಡಿದ ಹಾಗೆ: ದಪ್ಪ, ತುದಿ ದುಂಡು, ನರಗಳು ಎದ್ದು ಕಾಣುತ್ತವೆ. ಎಲೆಗಳೆಲ್ಲ ಕೊಂಬೆಯ ತುದಿಯಲ್ಲೇ ಗೊಂಚಲಾಗಿರುತ್ತವೆ.

ಒಂದು ಮರದಲ್ಲಿ ಹಣ್ಣೇ ಇಲ್ಲದಿದ್ದರೆ ಅದಕ್ಕೇನೋ ರೋಗ ಅಂದುಕೊಳ್ಳಬೇಡಿ. ಇದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಜನವರಿಯಿಂದ ಏಪ್ರಿಲ್‌ವರೆಗೆ ಹಳದಿ ಮಿಶ್ರಿತ ಹಸಿರು ಹೂ. ಗಂಡು ಹೂಗಳು ಗುಂಪಾಗಿ, ಹೆಣ್ಣು ಹೂ ಒಂಟಿಯಾಗಿ ಬರುತ್ತವೆ. ಕಾಯಿ ಬಲಿತು ಹಣ್ಣಾಗುವ ಹೊತ್ತಿಗೆ ಮುಂದಿನ ಮಳೆಗಾಲವೇ ಹತ್ತಿರ ಬಂದಿರುತ್ತದೆ.

2. ಬಿದ್ದ ಹಣ್ಣು ಆರಿಸಿ

ಕಲ್ಲು ಹೊಡೆದು ಉದುರಿಸುವವರೂ ಇದ್ದಾರೆ. ಕೊಂಬೆಗೂ ಪೆಟ್ಟು, ಸಿಗುವುದೂ ಅರೆಬಲಿತ ಕಾಯಿ. ತಾನಾಗಿ ಬಿದ್ದದ್ದೇ ಸಿಹಿ. ಬಲಿತ ಕಾಯಿ ಕಿತ್ತಿದ್ದರೆ ಮುಚ್ಚಿದ ಪಾತ್ರೆಯಲ್ಲೋ ಗುಂಡಿಯಲ್ಲೋ ಕೆಲವು ದಿನ ಹಣ್ಣಿಗೆ ಹಾಕಿ. ಅದುಮಿದರೆ ಮೆತ್ತಗಾಗಬೇಕು. ಜಾಸ್ತಿ ದಿನ ಬಿಟ್ಟರೆ ಹುಳಿ ಬಂದು ಹೆಂಡದ ವಾಸನೆ ಹೊಡೆಯುತ್ತದೆ. ಮಲಾವಿಯಲ್ಲಿ ಇದೇ ಗುಣ ನೆಚ್ಚಿಕೊಂಡು ವೈನ್ ಮಾಡುತ್ತಾರೆ ಅನ್ನಿ.

3. ತಿನ್ನುವ ಕ್ರಮ

ಹಣ್ಣು ಸುಮಾರು 3–4 ಸೆಂಟಿಮೀಟರ್ ಅಗಲ. ಸಿಪ್ಪೆ ಗಟ್ಟಿ, ಒಗರು, ಅದನ್ನು ತಿನ್ನುವುದಿಲ್ಲ. ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಒಡೆದು ಹಳದಿ ತಿರುಳು ಈಚೆ ಬರುತ್ತದೆ. ತಿರುಳು ಬೀಜಕ್ಕೆ ಅಂಟಿಕೊಂಡಿರುತ್ತದೆ, ಚೀಪಿ ಬೀಜ ಉಗಿಯಬೇಕು. ಒಂದು ಹಣ್ಣಿನಲ್ಲಿ ಸಾಮಾನ್ಯವಾಗಿ 3–4 ಬೀಜ.

ಜ್ಯೂಸ್ ಬೇಕಿದ್ದರೆ ತಿರುಳನ್ನು ನೀರಿನಲ್ಲಿ ಚೆನ್ನಾಗಿ ಕಿವುಚಿ ಸೋಸಿ. ಮಿಕ್ಸಿಗೆ ಹಾಕುವ ಮುಂಚೆ ಬೀಜ ತೆಗೆಯಲೇಬೇಕು. ಜಾಮ್ ಕೂಡ ಮಾಡುತ್ತಾರೆ. ನನ್ನನ್ನು ಕೇಳಿದರೆ ಸುಮ್ನೆ ಚೀಪುವುದೇ ಸರಿ.

ಮರದ ಉಪಯೋಗ ಹಣ್ಣಿಗೇ ಮುಗಿಯುವುದಿಲ್ಲ. ಕಟ್ಟಿಗೆಯಿಂದ ಸೌಟು, ಪೀಠೋಪಕರಣ, ಇದ್ದಿಲು ಆಗುತ್ತದೆ. ಅಜೀರ್ಣ, ಆಮಶಂಕೆಗೆ ಬೇರಿನ ಕಷಾಯ ಕುಡಿಯುವ ರೂಢಿ ಹಳ್ಳಿಗಳಲ್ಲಿದೆ. ರೂಢಿ ಎಂದಷ್ಟೇ ಹೇಳುತ್ತಿದ್ದೇನೆ, ನೀವು ಕುಡಿದು ನೋಡಬೇಡಿ. ಇದ್ದಿಲಿಗೆಂದು ಕಾಡು ಕಡಿಯುವಾಗ, ಹೊಲ ಮಾಡುವಾಗಲೂ ಹಣ್ಣಿನ ಮರವನ್ನು ಉಳಿಸಿಕೊಳ್ಳುವ ರೈತರು ಬಹಳ. ಹೊಲದ ನಡುವೆ ಒಂಟಿ ಮರ ಕಂಡರೆ ಅದು ಹೆಣ್ಣೇ ಇರಬಹುದು ಅಲ್ವಾ?

4. ಸಸಿ ಎಬ್ಬಿಸಿ

ಕಷ್ಟ ಇರುವುದು ಇಲ್ಲಿ. ಬೀಜ ಒಣಗಿಸಿ ಡಬ್ಬಿಯಲ್ಲಿಟ್ಟರೆ ಕೆಟ್ಟಿತು. ಹಣ್ಣು ತಿಂದ ಕೂಡಲೇ ಬೀಜ ತೊಳೆದು, ಮೇಲಿನ ಗಟ್ಟಿ ಸಿಪ್ಪೆಯನ್ನು ಒಳಗಿನ ಮೊಳಕೆಗೆ ಪೆಟ್ಟಾಗದಂತೆ ಬಿಡಿಸಿ ಬಿತ್ತಿ. ತಾಜಾ ಬೀಜ ಕೆಲವೇ ವಾರದಲ್ಲಿ ಮೊಳೆಯುತ್ತದೆ.

ಬೀಜದಷ್ಟೇ ಮುಖ್ಯ ಮಣ್ಣು. ಈ ಮರದ ಬೇರಿಗೆ ಕೆಲವು ಶಿಲೀಂಧ್ರಗಳ ಜೊತೆ ಬೇಕು. ಅವು ಬೇರಿನ ತುದಿಗೆ ಹೊದಿಕೆಯಂತೆ ಸುತ್ತಿಕೊಂಡು, ಬಡ ಮಣ್ಣಿನಿಂದ ರಂಜಕ ಹೀರಿಕೊಡುತ್ತವೆ. ಬದಲಿಗೆ ಮರದಿಂದ ಸಕ್ಕರೆ ಪಡೆಯುತ್ತವೆ. ಮಳೆಗಾಲದಲ್ಲಿ ಮಿಯೊಂಬೊ ಕಾಡಿನಲ್ಲಿ ಹೆಂಗಸರು, ಮಕ್ಕಳು ಆರಿಸುವ ಎಷ್ಟೋ ಬಗೆಯ ಅಣಬೆ ಇಂಥ ಶಿಲೀಂಧ್ರಗಳದ್ದೇ. ಬರೀ ನರ್ಸರಿ ಗೊಬ್ಬರದಲ್ಲಿ ಹುಟ್ಟಿದ ಸಸಿಗೆ ಈ ಜೊತೆ ಸಿಗುವುದಿಲ್ಲ, ಸೊರಗುತ್ತದೆ. ಹಾಗಾಗಿ ಬೆಳೆದ ಮರದ ಬುಡದಿಂದ, ಎಲೆಕಸದ ಕೆಳಗಿನ ಮಣ್ಣು ತಂದು ಪ್ಲಾಸ್ಟಿಕ್ ಚೀಲಕ್ಕೆ ಬೆರೆಸಿ. ನೀರು ಮಿತವಾಗಿರಲಿ. ಮಳೆ ಹಿಡಿದ ಮೇಲೆ, ಬೇರಿನ ಮಣ್ಣು ಉದುರದಂತೆ ನೆಡಿ. ಚಳಿಗೆ ಇಬ್ಬನಿ ಹೆಪ್ಪುಗಟ್ಟುವ ತಗ್ಗಿನಲ್ಲಿ ಬೇಡ.

ಬೀಜ ಜೇಬಿನಲ್ಲಿಟ್ಟುಕೊಂಡು ಊರಿಗೆ ತರೋಣ ಎಂಬ ಆಸೆ ಹುಟ್ಟಬಹುದು. ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಭಾರತಕ್ಕೆ ಬೀಜ ತರುವ ಹಾಗಿಲ್ಲ. ಮಣ್ಣಂತೂ ದೂರದ ಮಾತು.

5. ಕಸಿ ಕಟ್ಟಿ

ಬೀಜದ ಸಸಿ ಹಣ್ಣು ಕೊಡಲು ಹತ್ತು ವರ್ಷ ಮೀರಬಹುದು, ಅಷ್ಟು ಕಾದ ಮೇಲೆ ಅದು ಗಂಡಾಗಿಬಿಡಬಹುದು! ಮಲಾವಿಯಲ್ಲಿ ಕೃಷಿ ಅರಣ್ಯ ಸಂಶೋಧಕರು ರೈತರನ್ನೇ ಕೇಳಿ ದೊಡ್ಡ, ಸಿಹಿ ಹಣ್ಣಿನ ಮರಗಳನ್ನು ಆರಿಸಿ ಕಸಿ ಮಾಡಿದರು. ಕಸಿ ಗಿಡಗಳು 2–3 ವರ್ಷಕ್ಕೇ ಹಣ್ಣು ಬಿಡಲು ಶುರು ಮಾಡಿದವು. ನೀವೂ ರುಚಿ ನೋಡಿದ ಹೆಣ್ಣು ಮರದ ಕಡ್ಡಿಯನ್ನೇ ತಂದು ಸಸಿಗೆ ಕಟ್ಟಿ. ಆದರೆ ಪರಾಗಕ್ಕೆ ಹತ್ತಿರದಲ್ಲಿ ಒಂದು ಗಂಡು ಮರ ಇರಲೇಬೇಕು. ಇಲ್ಲದಿದ್ದರೆ ಒಂದೆರಡು ಸಸಿಗೆ ಗಂಡು ಮರದ ಕಡ್ಡಿಯನ್ನೂ ಕಟ್ಟಿಡಿ.