ಮನೆಯವರ ಬಂಧನವಾದಾಗ ವಕೀಲರ ಕೈಗೆ ಏನು ಕೊಡಬೇಕು

ಮೊದಲು ಒಂದು ಚೀಟಿಯಲ್ಲಿ ಹೊತ್ತು ಬರೆದಿಡಿ: ಎಷ್ಟು ಗಂಟೆಗೆ, ಎಲ್ಲಿಂದ, ಯಾವ ಠಾಣೆಯವರು ಕರೆದೊಯ್ದರು. ಪ್ರಯಾಣದ ಅವಧಿ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ರಾತ್ರಿ ಎಂಟಕ್ಕೆ ಕರೆದೊಯ್ದು ಅರೆಸ್ಟ್ ಮೆಮೋದಲ್ಲಿ (ಪೊಲೀಸರು ಬರೆಯುವ ಬಂಧನದ ಪತ್ರ) ಮರುದಿನ ಬೆಳಗಿನ ಹೊತ್ತು ನಮೂದಿಸಿದ್ದರೆ, ವಕೀಲರು ಪ್ರಶ್ನೆ ಎತ್ತುವುದು ಆ ಚೀಟಿ ಹಿಡಿದೇ.

ದುಡ್ಡಿಲ್ಲವೆಂದು ಕೈಕಟ್ಟಿ ಕೂರಬೇಡಿ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಇಲ್ಲವೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಕಸ್ಟಡಿಯಲ್ಲಿರುವವರಿಗೆ ಉಚಿತ ವಕೀಲರನ್ನು ಕೊಡಲು ಆದಾಯದ ಮಿತಿಯೇ ಇಲ್ಲ. ‘ಜಾಮೀನು ಸಿಕ್ಕರೆ ಇಷ್ಟು ಕೊಡಿ’ ಎನ್ನುವವರಿಂದ ದೂರವಿರಿ. ಫಲಿತಾಂಶಕ್ಕೆ ಫೀಜು ಕಟ್ಟುವುದನ್ನು ಬಾರ್ ಕೌನ್ಸಿಲ್ ನಿಯಮ ನಿಷೇಧಿಸಿದೆ.

ವಕೀಲರಿಗೆ ಎಲ್ಲವನ್ನೂ ಹೇಳಿ. ಹಳೇ ಜಗಳ, ಅಳಿಸಿದ ವಾಟ್ಸ್ಆ್ಯಪ್ ಮೆಸೇಜು, ಸಿಸಿಟಿವಿಯಲ್ಲಿ ಮುಖ ಕಂಡಿರುವುದು, ಎಲ್ಲ. ಮುಚ್ಚಿಟ್ಟದ್ದು ಪಾಟೀಸವಾಲಿನ ಮಧ್ಯೆ ಹೊರಬಿದ್ದರೆ ಇಡೀ ವಾದವೇ ಕುಸಿಯುತ್ತದೆ. ಕಕ್ಷಿದಾರ ಹೇಳಿದ್ದನ್ನು ವಕೀಲರು ಬಾಯಿಬಿಡುವಂತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 132 ಅದಕ್ಕೆ ಕಾವಲು. ಆದರೆ ‘ಆ ಕಾಗದ ಸುಟ್ಟುಬಿಡೋಣವೇ’ ಎಂಬ ಮಾತಿಗೆ ಈ ರಕ್ಷಣೆ ಇಲ್ಲ. ಸುಳ್ಳು ಸಾಕ್ಷಿ ಹುಟ್ಟಿಸಲು ಒಳ್ಳೆಯ ವಕೀಲರು ಒಪ್ಪುವುದೂ ಇಲ್ಲ.

‘ಅಂಥವನ ಪರ ಹೇಗೆ ನಿಲ್ಲುತ್ತಾರೆ?’ ಎಂದು ಊರು ಕೇಳುತ್ತದೆ. ಆರೋಪಿ ತಪ್ಪಿತಸ್ಥನೇ ಎಂಬ ಸ್ವಂತ ಅಭಿಪ್ರಾಯ ಬದಿಗಿಟ್ಟು ವಾದಿಸಬೇಕೆಂಬುದು ವಕೀಲರಿಗೆ ಬರೆದಿಟ್ಟ ನಿಯಮ. ಆರೋಪ ರುಜುವಾತು ಮಾಡುವ ಹೊಣೆ ಸರ್ಕಾರದ್ದು. ಆ ರುಜುವಾತನ್ನು ಒರೆಗೆ ಹಚ್ಚುವುದು ವಕೀಲರ ಕೆಲಸ. ಇಂಥ ಆರೋಪಿಯ ಪರ ವಕಾಲತ್ತು ವಹಿಸಬಾರದೆಂಬ ವಕೀಲರ ಸಂಘಗಳ ನಿರ್ಣಯಗಳು ಅಸಿಂಧು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆದರೂ 2020ರಲ್ಲಿ ಹುಬ್ಬಳ್ಳಿಯಲ್ಲಿ ಬಂಧಿತ ಕಾಶ್ಮೀರಿ ವಿದ್ಯಾರ್ಥಿಗಳ ವಿಷಯದಲ್ಲಿ ಅಂಥದೇ ನಿರ್ಣಯ ಬಂತು, ಹೈಕೋರ್ಟ್ ಅದನ್ನು ಆಕ್ಷೇಪಿಸಬೇಕಾಯಿತು. ಅದು ನೋವಿನ ಸಂಗತಿ.

‘ಲೂಪ್‌ಹೋಲ್’ ಎಂದು ಜನ ಬೈಯುವ ಇನ್ನೊಂದು ಹಕ್ಕಿದೆ. ಆರೋಪಿ ಕಸ್ಟಡಿಯಲ್ಲಿದ್ದರೆ ಪೊಲೀಸರು ಚಾರ್ಜ್‌ಶೀಟ್ (ಆರೋಪಪಟ್ಟಿ) ಸಲ್ಲಿಸಲು 60 ದಿನ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯ ಅಪರಾಧವಾದರೆ 90. ಭಯೋತ್ಪಾದನೆ ತಡೆಯುವ ಯುಎಪಿಎ, ಮಾದಕವಸ್ತು ತಡೆಯುವ ಎನ್‌ಡಿಪಿಎಸ್‌ನಂಥ ಕಾಯ್ದೆಗಳಲ್ಲಿ ಲೆಕ್ಕ ಬೇರೆಯಾಗಬಹುದು. ಗಡುವು ಮೀರಿದರೆ ಜಾಮೀನು ಹಕ್ಕಾಗುತ್ತದೆ, ಆದರೆ ತಾನಾಗಿ ಸಿಗುವುದಿಲ್ಲ. ಚಾರ್ಜ್‌ಶೀಟ್ ಬೀಳುವ ಮುನ್ನ ಅರ್ಜಿ ಹಾಕಿರಬೇಕು. ಒಂದು ದಿನ ತಡವಾದರೂ ಹಕ್ಕು ಕೈತಪ್ಪಬಹುದು. ರಿಮ್ಯಾಂಡ್ ಆದ (ಮ್ಯಾಜಿಸ್ಟ್ರೇಟರು ಕಸ್ಟಡಿಗೆ ಒಪ್ಪಿಸಿದ) ದಿನವನ್ನೂ ಸೇರಿಸಿ ಎಣಿಸಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ವಾರ ಮೊದಲೇ ವಕೀಲರಿಗೆ ನೆನಪಿಸಿ.