ಲ್ಯಾವೆನ್‌ಹ್ಯಾಮ್‌ನ ಹಳೆಯ ಮನೆಯೊಂದರ ಚರಿತ್ರೆಯನ್ನು ದಾಖಲಿಸುವ ಬಗೆ

ಇಂಗ್ಲೆಂಡಿನ ಸಫೋಕ್ ಕೌಂಟಿಯ ಲ್ಯಾವೆನ್‌ಹ್ಯಾಮ್‌ನಲ್ಲಿ ಹಳೆಯ ಮನೆಯೊಂದರ ಚರಿತ್ರೆಯನ್ನು ಬರೆಯಹೊರಟವರು ಮೊದಲು ಅದರ ಗೋಡೆಯನ್ನೇ ಓದಬೇಕು. ಉಣ್ಣೆಬಟ್ಟೆಯ ವ್ಯಾಪಾರದಿಂದ ಸಿರಿವಂತವಾದ ಈ ಊರಿನಲ್ಲಿ ಒತ್ತೊತ್ತಾಗಿ ನಿಲ್ಲಿಸಿದ ಓಕ್ ಮರದ ಕಂಬಗಳು ಮನೆಯೊಡೆಯನ ಐಶ್ವರ್ಯವನ್ನು ಸಾರುತ್ತಿದ್ದುದರಿಂದ, ಅವುಗಳ ಅಂತರವನ್ನೂ, ಬೀದಿಯತ್ತ ಚಾಚಿದ ಮೇಲಂತಸ್ತನ್ನೂ, ಬಡಗಿಗಳು ಕೆತ್ತಿದ ಗುರುತುಗಳನ್ನೂ ಅಳತೆ ಮತ್ತು ಚಿತ್ರಗಳ ಸಮೇತ ಬರೆದಿಡಿ.

ಬಳಿಕ ಜನಗಣತಿಯ ದಾಖಲೆಗಳಲ್ಲಿ ನಿವಾಸಿಗಳನ್ನು ಹುಡುಕಿ. 1931ರ ಗಣತಿಯ ಕಾಗದಗಳು 1942ರಲ್ಲಿ ಬೆಂಕಿಗೆ ಆಹುತಿಯಾದವು. ನನ್ನ ದೃಷ್ಟಿಯಲ್ಲಿ ಇದು ತುಂಬಲಾರದ ನಷ್ಟ. ಆದ್ದರಿಂದ 1939ರ ರಿಜಿಸ್ಟರನ್ನು, ಅಂದರೆ ಎರಡನೆಯ ಮಹಾಯುದ್ಧದ ಆರಂಭದಲ್ಲಿ ಸರ್ಕಾರ ಮಾಡಿಸಿದ ನಿವಾಸಿಗಳ ಪಟ್ಟಿಯನ್ನು ನೋಡಿ, ಹಿರಿಯರನ್ನು ಮಾತನಾಡಿಸಿ. ಇಸವಿಯನ್ನು ಕೇಳುವುದಕ್ಕಿಂತ, ಆ ಬಾಗಿಲಿನಿಂದ ಯಾರು ಏನು ಹೊತ್ತು ತರುತ್ತಿದ್ದರೆಂದು ಕೇಳಿದರೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಸುಮಾರು 1530ರಲ್ಲಿ ಕಟ್ಟಿದ, ಈ ಊರಿನ ಗಿಲ್ಡ್‌ಹಾಲ್ (ಗಿಲ್ಡ್ ಎಂಬ ಸಂಘದ ಸಭಾಭವನ) ನಂತರದ ಕಾಲದಲ್ಲಿ ಸೆರೆಮನೆಯೂ ಬಡವರ ದುಡಿಮೆಯ ಮನೆಯೂ ಆದಂತೆ, ನಿಮ್ಮ ಕಟ್ಟಡದ ಬದಲಾದ ಬಳಕೆಗಳನ್ನೂ ಕಾಲಕ್ರಮದಲ್ಲಿ ನಮೂದಿಸಿ.