ಒಂಟಿ ಚೆಲ್ಲೊ ಕೇಳುವುದು ಹೇಗೆ: ಒಬ್ಬ ವೀಣೆ ಟೀಚರ್ ಕಂಡುಕೊಂಡ ದಾರಿ

ಎರಡು ವರ್ಷದ ಹಿಂದೆ ತ್ಯಾಗರಾಜನಗರದ ನಮ್ಮ ಮನೆಯ ಮೇಲಿನ ಮಹಡಿಗೆ ಒಂದು ಸಂಸಾರ ಬಾಡಿಗೆಗೆ ಬಂತು. ಅವರ ಮಗ ಚೆಲ್ಲೊ ಕಲಿಯುತ್ತಾನೆ, ಪಿಟೀಲಿನ ಜಾತಿಯ ದೊಡ್ಡ ಪಾಶ್ಚಾತ್ಯ ವಾದ್ಯ. ಮೂರು ವಾರ, ದಿನಾ ಸಂಜೆ, ಅದೇ ನಾಲ್ಕು ಸಾಲು ಕೆಳಗೆ ಇಳಿದು ಬರುತ್ತಿತ್ತು. ಒಂದು ದಿನ ಮೆಟ್ಟಿಲ ಹತ್ತಿರ ಸಿಕ್ಕವನು, "ಆಂಟಿ, ನಿಮ್ಮ ಪಾಠಕ್ಕೆ ತೊಂದರೆ ಆಗ್ತಿದೆಯಾ?" ಅಂದ. "ತೊಂದರೆ ಏನಿಲ್ಲ ಕಣೋ, ಅದು ಯಾರ ಕೃತಿ ಹೇಳು" ಅಂದೆ. "ಬಾಖ್ ಅವರದು" ಅಂದ.

ಜರ್ಮನಿಯ ವಾಗ್ಗೇಯಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್ ಪಕ್ಕವಾದ್ಯವೇ ಇಲ್ಲದ ಒಂಟಿ ಚೆಲ್ಲೊಗೆ ಆರು ಸ್ವೀಟ್ (suite) ಬರೆದಿದ್ದಾರೆ. ಸುಮಾರು 1720ರ ಕಾಲದ್ದು. ಸ್ವೀಟ್ ಅಂದರೆ ಒಂದೇ ಶ್ರುತಿಗೆ ಕಟ್ಟಿದ ಕುಣಿತದ ಮಟ್ಟುಗಳ ಸಾಲು, ಮುಂದೊಂದು ಪೀಠಿಕೆ. ನಾನು ಮಾಲಿಕೆ ಅಂತಲೇ ಕರೆಯುತ್ತೇನೆ. ಕರ್ನಾಟಕ ಸಂಗೀತ ಕೇಳಿ ಬೆಳೆದವರು ಇದರೊಳಗೆ ಹೋಗುವುದು ಹೇಗೆ ಅಂತ ನನ್ನ ಶಿಷ್ಯರು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಫೋನಿನ ಸ್ಪೀಕರ್ ಬಿಡಿ. ಚೆಲ್ಲೊದ ಅತಿ ಕೆಳಗಿನ ತಂತಿ ಸುಮಾರು 65 ಹರ್ಟ್ಝ್‌ಗೆ ನುಡಿಯುತ್ತದೆ. ಅಷ್ಟು ಕೆಳಗಿನ ನಾದ ಆ ಪುಟ್ಟ ಸ್ಪೀಕರ್‌ನಲ್ಲಿ ಬರುವುದೇ ಇಲ್ಲ. ಕಿವಿ ಮುಚ್ಚುವ ಹೆಡ್‌ಫೋನ್ ಇದ್ದರೆ ಸಾಕು. ಶಫಲ್ ಆಫ್ ಮಾಡಿ. ನಾನು ಒಂದು ವಾರ ಅದು ಆನ್ ಇದ್ದದ್ದು ತಿಳಿಯದೆ ಕೇಳಿದೆ, ಮಾಲಿಕೆಯ ಓಟವೇ ಸಿಗಲಿಲ್ಲ.

ಆಮೇಲೆ ಒಬ್ಬ ವಾದಕರನ್ನು ಹಿಡಿಯಿರಿ. ಹತ್ತು ಜನರನ್ನು ಒಟ್ಟಿಗೆ ಕೇಳಿದರೆ ಏನೂ ನಿಲ್ಲುವುದಿಲ್ಲ. ನಾನು ಹಿಡಿದದ್ದು ಆನರ್ ಬಿಲ್ಸ್ಮಾ ಅವರನ್ನು. 1934ರಲ್ಲಿ ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ಹುಟ್ಟಿದವರು. 1959ರಲ್ಲಿ ಮೆಕ್ಸಿಕೊದಲ್ಲಿ ನಡೆದ ಪಾಬ್ಲೊ ಕಸಾಲ್ಸ್ ಹೆಸರಿನ ಚೆಲ್ಲೊ ಸ್ಪರ್ಧೆ ಗೆದ್ದರು. 1962ರಿಂದ ಆರು ವರ್ಷ ಆಮ್ಸ್ಟರ್‌ಡ್ಯಾಮ್‌ನ ಕನ್ಸರ್ಟ್‌ಗೆಬೌ ಆರ್ಕೆಸ್ಟ್ರಾದಲ್ಲಿ ಮುಖ್ಯ ಚೆಲ್ಲೊ ವಾದಕರಾಗಿದ್ದರು. ಆಮೇಲೆ ಅಂಥ ಕೆಲಸ ಬಿಟ್ಟು ಹಳೆಯ ಕಾಲದ ವಾದ್ಯ, ಹಳೆಯ ಕಾಲದ ನುಡಿಸುವ ಶೈಲಿ ಅಂತ ಅದರಲ್ಲೇ ಮುಳುಗಿದರು. 2019ರಲ್ಲಿ ತೀರಿಕೊಂಡರು. ಆರೂ ಮಾಲಿಕೆಗಳನ್ನು ಎರಡು ಸಲ ರೆಕಾರ್ಡ್ ಮಾಡಿದ್ದಾರೆ: 1979ರಲ್ಲಿ ಒಮ್ಮೆ, 1992ರಲ್ಲಿ ಇನ್ನೊಮ್ಮೆ. ನೀವು 1979ರದ್ದರಿಂದ ಶುರು ಮಾಡಿ.

ಬರೋಕ್ ಚೆಲ್ಲೊ, ಅಂದರೆ ಬಾಖ್ ಕಾಲದ ಥರದ ಚೆಲ್ಲೊಗೆ ಕರುಳಿನ ತಂತಿ. ನೆಲಕ್ಕೆ ಊರುವ ಕಡ್ಡಿ ಇರುವುದಿಲ್ಲ, ಮೀನಖಂಡಗಳ ನಡುವೆ ಹಿಡಿದು ಕೂರುತ್ತಾರೆ. ಶ್ರುತಿಯೂ ಈಗಿನದಕ್ಕಿಂತ ಸಾಮಾನ್ಯವಾಗಿ ಅರ್ಧ ಮನೆ ಕೆಳಗೆ. ಮನೆ ಅಂದರೆ ನಾವು ಶ್ರುತಿ ಹೇಳುವ ಅಳತೆ. ಮೊದಲ ಮಾಲಿಕೆ ಈಗಿನ ಚೆಲ್ಲೊದಲ್ಲಿ ಐದು ಮನೆಗೆ ಬಂದರೆ, ಬರೋಕ್ ಚೆಲ್ಲೊದಲ್ಲಿ ನಾಲ್ಕೂವರೆಗೆ ಬರುತ್ತದೆ.

ಈಗ ತಂಬೂರಿ ಆ್ಯಪ್ ತೆಗೆದು ನಾಲ್ಕೂವರೆಗೆ ಇಡಿ. ಮೊದಲ ಮಾಲಿಕೆಯ ಪೀಠಿಕೆ ಹಾಕಿ. ಮೊದಲ ಸಾಲು ನಮ್ಮ ಲೆಕ್ಕದಲ್ಲಿ ಸ ಪ ಗ ರಿ ಗ ಪ ಗ ಪ. ಇಲ್ಲಿ ಗಾಂಧಾರ, ರಿಷಭ ಮೇಲಿನ ಸ್ಥಾಯಿಯವು. ಇದನ್ನೇ ಎರಡು ಸಲ. ಮುಂದೆ ಸ ದ ಮ ಗ ಮ ದ ಮ ದ. ಆಮೇಲೆ ಸ ನಿ ಮ ಗ ಮ ನಿ ಮ ನಿ. ಪ್ರತಿ ಸಲವೂ ಕೆಳಗಿನ ಷಡ್ಜ ಮುಟ್ಟಿಯೇ ಹೊರಡುತ್ತದೆ. ಶಂಕರಾಭರಣ ರಾಗದ ತಾನ ಕೇಳಿದ ಹಾಗೆ ಇರುತ್ತದೆ, ತಂಬೂರಿ ಸರಿಯಾಗಿ ಕೂರುತ್ತದೆ. ಸ್ವಲ್ಪ ಹೊತ್ತಿಗೆ ಪ್ರತಿಮಧ್ಯಮ, ಅಂದರೆ ಅರ್ಧ ಸ್ವರ ಏರಿದ ಮಧ್ಯಮ, ಸುಳಿದು, ಆಧಾರವೇ ಜಾಗ ಬದಲಿಸತೊಡಗುತ್ತದೆ. ಆಗ ತಂಬೂರಿ ನಿಲ್ಲಿಸಿಬಿಡಿ. ಇಲ್ಲದಿದ್ದರೆ ಅಪಸ್ವರ ಅನಿಸುತ್ತದೆ. ಅದು ಅಪಸ್ವರವಲ್ಲ, ಮನೆ ಬಿಟ್ಟು ಹೊರಗೆ ಹೋಗಿರುವುದು. ಕೊನೆಯ ಹತ್ತಿರ ಪಂಚಮವನ್ನು ಬಿಡದೆ ಹಿಡಿದು, ಅರ್ಧರ್ಧ ಸ್ವರವಾಗಿ ಮೇಲೇರುತ್ತದೆ. ಆ ಜಾಗದಲ್ಲಿ ತಂಬೂರಿ ಮತ್ತೆ ಹಾಕಿ. ಕೊನೆಯ ಷಡ್ಜಕ್ಕೆ ಬಂದು ಇಳಿಯುವಾಗ ಮೈ ಜುಮ್ಮೆನ್ನುತ್ತದೆ. ನನಗೆ ಪ್ರತಿ ಸಲ ಹಾಗೇ ಆಗುತ್ತದೆ.

ಇನ್ನು ಮೀಟು. ವೀಣೆಯಲ್ಲಿ ಸಾಹಿತ್ಯದ ಅಕ್ಷರ ಎಲ್ಲಿ ಬೀಳುತ್ತದೋ ಅಲ್ಲಿ ಮೀಟುತ್ತೇವೆ, ಉಳಿದದ್ದನ್ನು ಎಡಗೈಯಲ್ಲಿ ಎಳೆಯುತ್ತೇವೆ, ಅಲ್ವಾ? ಚೆಲ್ಲೊದಲ್ಲಿ ಆ ಕೆಲಸ ಕಮಾನಿನದು. ಒಂದೇ ಎಳೆತಕ್ಕೆ ಮೂರು ಸ್ವರವೋ ನಾಲ್ಕೋ ಅನ್ನುವುದರ ಮೇಲೆ ಇಡೀ ಮಾತು ಬದಲಾಗುತ್ತದೆ. ಬಾಖ್ ಕೈಬರಹದ ಪ್ರತಿ ಉಳಿದಿಲ್ಲ. ಉಳಿದ ನಕಲುಗಳಲ್ಲಿ ಮುಖ್ಯವಾದದ್ದು ಅವರ ಹೆಂಡತಿ ಆನ್ನಾ ಮಗ್ಡಲೇನಾ ಬರೆದದ್ದು. ಅದರಲ್ಲಿ ಒಂದೇ ಎಳೆತದ ಸ್ವರಗಳನ್ನು ಸೇರಿಸಿ ತೋರಿಸುವ ಕಮಾನಿನ ಗೆರೆಗಳು ಎಲ್ಲಿ ಶುರು, ಎಲ್ಲಿ ಮುಗಿತು ಅಂತ ಸ್ಪಷ್ಟವಿಲ್ಲ, ಒಂದೇ ಥರದ ಜಾಗದಲ್ಲಿ ಬೇರೆ ಬೇರೆ ಇವೆ. ಬಹಳ ಜನ ಅದನ್ನು ತಿದ್ದಿ ನೀಟು ಮಾಡಿಕೊಂಡರು. ಬಿಲ್ಸ್ಮಾ ಆ ಗೆರೆಗಳನ್ನು ಇದ್ದ ಹಾಗೇ ನಂಬಿದರು. ಅದಕ್ಕೇ ಅವರ ಕಮಾನು ಉದ್ದಕ್ಕೆ ಹಾಡುವುದಿಲ್ಲ, ಮಾತಾಡುತ್ತದೆ. ಒಂದು ಪದ ಒತ್ತಿ, ಇನ್ನೊಂದನ್ನು ಹಗುರಾಗಿ ಬಿಟ್ಟು, ಉಸಿರು ತಗೊಂಡು.

ಇದು ಕಿವಿಗೆ ಬಿದ್ದ ಮೇಲೆ ಅದೇ ಪೀಠಿಕೆಯನ್ನು 1992ರದ್ದರಲ್ಲಿ ಕೇಳಿ. ಅಲ್ಲಿ ವಾದ್ಯ ಬೇರೆ: 1701ರಲ್ಲಿ ಸ್ಟ್ರಾಡಿವೇರಿ ಮಾಡಿದ 'ಸರ್ವೇ' ಚೆಲ್ಲೊ, ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹದ್ದು. ಮಾಮೂಲಿ ಚೆಲ್ಲೊಗಿಂತ ಮೈ ದೊಡ್ಡದು. ಆ ನಾದದ ತುಂಬುತನ ಚೆನ್ನಾಗಿದೆ. ಆದರೂ ನನ್ನ ಮನಸ್ಸು 1979ರ ಕಡೆಗೇ.

ಕುಣಿತಗಳಿಗೆ ತಾಳ ಹಾಕಿಕೊಂಡು ಕೇಳಿ. ಸಾರಬಾಂದ್‌ಗೆ ಮೂರು ಎಣಿಕೆ, ಎರಡನೆಯದರ ಮೇಲೆ ಭಾರ. ಬೂರೇ ಅತೀತದಲ್ಲಿ, ಅಂದರೆ ತಾಳದ ಎಣಿಕೆಗಿಂತ ಮುಂಚೆಯೇ, ಎತ್ತಿಕೊಳ್ಳುತ್ತದೆ. ಪ್ರತಿ ಕುಣಿತಕ್ಕೂ ಎರಡು ಭಾಗ, ಒಂದೊಂದನ್ನೂ ಸಾಮಾನ್ಯವಾಗಿ ಎರಡೆರಡು ಸಲ ನುಡಿಸುತ್ತಾರೆ. ಎರಡನೇ ಸಲ ಏನು ಬದಲಾಯಿಸಿದರು ಅನ್ನುವುದನ್ನು ಗಮನಿಸಿ.

ಒಂದೆರಡು ತಿಂಗಳಾದ ಮೇಲೆ ಸ್ಪೇನಿನ ಚೆಲ್ಲೊ ವಾದಕ ಪಾಬ್ಲೊ ಕಸಾಲ್ಸ್ ಅವರ ಹತ್ತಿರ ಹೋಗಿ. ನಮ್ಮ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ಹುಡುಕುವ ಹಾಗೆ, ಹದಿಮೂರನೇ ವಯಸ್ಸಿನಲ್ಲಿ ಬಾರ್ಸಿಲೋನಾದ ಒಂದು ಅಂಗಡಿಯಲ್ಲಿ ಅವರಿಗೆ ಈ ಮಾಲಿಕೆಗಳ ಪುಸ್ತಕ ಸಿಕ್ಕಿತು. ರೆಕಾರ್ಡ್ ಮಾಡಿದ್ದು 1936ರಿಂದ 1939ರಲ್ಲಿ. ಸದ್ದು ಹಳೆಯದು, ಕೆರೆಯುತ್ತದೆ, ಪರವಾಗಿಲ್ಲ.

ಆರನೇ ಮಾಲಿಕೆ ಐದು ತಂತಿಯ ವಾದ್ಯಕ್ಕೆ ಬರೆದದ್ದು. ಪಿಟೀಲಿಗೆ ಏಳು ತಂತಿ ಹಾಕಿದ ಟಿ. ಚೌಡಯ್ಯನವರ ನಾಡಿನವರಿಗೆ ಇದು ವಿಚಿತ್ರ ಅನಿಸಬಾರದು. ಬಿಲ್ಸ್ಮಾ ಐದು ತಂತಿಯ ಪುಟ್ಟ ಚೆಲ್ಲೊದಲ್ಲೇ ಅದನ್ನು ನುಡಿಸಿದ್ದಾರೆ.

ಐದನೆಯದರ ಸಾರಬಾಂದ್ ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಅದರಲ್ಲಿ ಎರಡು ಸ್ವರ ಒಟ್ಟಿಗೆ ನುಡಿಯುವುದೇ ಇಲ್ಲ, ಒಂದಾದ ಮೇಲೆ ಒಂದು, ಅಷ್ಟೇ. ಹೋದ ತಿಂಗಳು ಮೇಲಿನ ಮನೆ ಹುಡುಗ ಚೆಲ್ಲೊ ಹೊತ್ತುಕೊಂಡು ಕೆಳಗೆ ಬಂದ. ನಮ್ಮ ಪಾಠದ ಕೋಣೆಯಲ್ಲಿ ಕೂತು ಅದನ್ನು ನುಡಿಸಿದ. ನಾನು ಅವನ ಒಪ್ಪಿಗೆ ಕೇಳಿ ಚೆಲ್ಲೊದ ಪಕ್ಕೆಯ ಮೇಲೆ ಅಂಗೈ ಇಟ್ಟಿದ್ದೆ. ಕೆಳಗಿನ ತಂತಿಗೆ ಬಂದಾಗ ನಾದ ಮೊಣಕೈವರೆಗೂ ಹತ್ತಿತು. ಗೋಡೆಗೆ ಒರಗಿಸಿದ್ದ ನನ್ನ ವೀಣೆಯ ತಾಳದ ತಂತಿಗಳೂ ಸಣ್ಣಗೆ ನುಡಿದವು.